ಜಾಲಿಮುಳ್ಳಿಗೆ ಕೇಳಿಸಿದ ಕೆಮ್ಮು

ಮೊದಲು ಬಂದದ್ದು ಅರಗಿನ ವಾಸನೆ. ಹಿಂದೆ ಪೋಸ್ಟ್ ಆಫೀಸಿನಲ್ಲಿ ಪಾರ್ಸಲ್ಲಿಗೆ ಕೆಂಪು ಮುದ್ರೆ ಒತ್ತುವಾಗ ಬರುತ್ತಿತ್ತಲ್ಲ, ಅದೇ. ಚಹಾದ ಕಪ್ಪು ಹಿಡಿದೇ ಅಂಗಳಕ್ಕೆ ಬಂದು ನೋಡಿದೆ. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಆರು ಗ್ರಾಮೊಫೋನ್ ರಿಕಾರ್ಡುಗಳನ್ನು ತೊಳೆದು, ಏಪ್ರಿಲ್ ಬಿಸಿಲಿನಲ್ಲಿ ಫರಸಿಕಲ್ಲಿನ ಮೇಲೆ ಹಪ್ಪಳದ ಹಾಗೆ ಹರವಿಟ್ಟಿದ್ದಳು.

"ತೆಗಿ! ಬಿಸಿಲಾಗಿಂದ ತೆಗಿ ಮೊದಲ!" ಎಂದು ಕೂಗಿಬಿಟ್ಟೆ. ಇಷ್ಟು ಜೋರಾಗಿ ಕೂಗಿ ಎಷ್ಟೋ ವರ್ಷವಾಗಿತ್ತು.

"ಯಾಕ್ರಿ ಅಜ್ಜಿ? ಹಸೀ ಅವ."

"ಹಸೀ ಇದ್ರ ಅರಿವಿ ತಗೊಂಡು ಒರಸು. ಬಿಸಿಲಿಗಿಟ್ರ ಪ್ಲೇಟ್ ಬಾಗಿ ಹಿಟ್ಟ ನಾದೂ ಪರಾತ್ ಆಗ್ತದ."

ಅವಳು ನಗುತ್ತಾ ಒಂದೊಂದಾಗಿ ಎತ್ತಿಕೊಂಡಳು. ಕಮಲನಗರದ ಹುಡುಗಿ, ಬೀದರಿನಲ್ಲಿ ನರ್ಸಿಂಗ್ ಓದುತ್ತಾಳೆ. ಫೋನಿನಲ್ಲಿ ಏನೋ ನೋಡಿ ಈ ಹುಚ್ಚು ಹತ್ತಿಸಿಕೊಂಡಿದ್ದಾಳೆ. ಐದು ರಿಕಾರ್ಡು ಈಚಿನ ವಿನೈಲಿನವು, ಅವಕ್ಕೆ ಅಂಥ ವಾಸನೆಯಿಲ್ಲ. ಆರನೆಯದು ಹಳೆಯ ಕಾಲದ ಅರಗಿನ ತಟ್ಟೆ, ಕೈಜಾರಿದರೆ ಗಾಜಿನಂತೆ ಒಡೆಯುವಂಥದ್ದು. ವಾಸನೆ ಅದರದ್ದು.

"ನಿಮಗ ಇದೆಲ್ಲಾ ಗೊತ್ತದ ಅಲ್ರಿ ಅಜ್ಜಿ? ಕಡಿಮಿ ರೊಕ್ಕದಾಗ ಹ್ಯಾಂಗ ಶುರು ಮಾಡ್ಬೇಕು, ಹೇಳ್ರಿ."

ಇದೇ ಪ್ರಶ್ನೆಯನ್ನು ನಾನೂ ಒಬ್ಬರಿಗೆ ಕೇಳಿದ್ದೆ. ಆಗ ನನಗೆ ಇಪ್ಪತ್ತಮೂರು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಹಾಸ್ಟೆಲಿನಲ್ಲಿ ಅತಿಥಿಗಳು ಕೂರುವ ಪಾರ್ಲರಿನಲ್ಲಿ ಬೀಗ ಹಾಕಿದ ಒಂದು ರಿಕಾರ್ಡ್ ಪ್ಲೇಯರ್ ಇತ್ತು. ಕ್ರಿಸ್‌ಮಸ್ಸಿಗೊಮ್ಮೆ ಸಿಸ್ಟರ್ ಅದನ್ನು ತೆರೆಯುತ್ತಿದ್ದರು. ಸೂಜಿ ಇಳಿದು ಹಾಡು ಶುರುವಾಗುವ ಮುಂಚಿನ ಆ ಸರ್ರ್ ಎನ್ನುವ ಸದ್ದಿಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ... ಬೀದರಿನಲ್ಲಿ ಇಂಗ್ಲಿಷ್ ಟೀಚರ್ ಆಗಿ ಕೆಲಸ ಸಿಕ್ಕಿದಾಗ ಅರ್ಧ ಸಂಬಳ ಭಾಲ್ಕಿಯ ಮನೆಗೆ ಹೋಗುತ್ತಿತ್ತು. ಉಳಿದದ್ದರಲ್ಲಿ ನನ್ನದೇ ಅನ್ನುವ ಒಂದು ವಸ್ತು ಬೇಕೆನಿಸಿ, ಚೌಬಾರಾ ಗೋಪುರದ ಹತ್ತಿರದ ಒಂದು ಗಲ್ಲಿಯಲ್ಲಿದ್ದ ರೇಡಿಯೋ ರಿಪೇರಿ ಅಂಗಡಿಗೆ ಹೋದೆ.

ಅಂಗಡಿಯವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಬಿಳಿ ಟೋಪಿ, ದಪ್ಪ ಕನ್ನಡಕ. ಮಾತಿಗೆ ಮುಂಚೆ ಒಂದು ಸಲ ಕೆಮ್ಮುವ ಅಭ್ಯಾಸ. ಕಿವಿ ಬಹುಪಾಲು ಹೋಗಿತ್ತು. ನಮ್ಮ ಸಾಲಿಯ ಹೊಲಿಗೆ ಟೀಚರು, ಔರಾದಿನವರು, ನನ್ನನ್ನು ಕಾಡಿಸುತ್ತಿದ್ದರು: "ಊರಾಗ ಇಷ್ಟ ಅಂಗಡಿ ಇದ್ರೂ ಕಿವುಡನ ಹಂತ್ಯಾಕ ಹಾಡ ಕೊಳ್ಳಾಕ ಹೋಗ್ತೀಯಲ್ಲವಾ. ನಾಳಿ ಕುರುಡನ ಹಂತ್ಯಾಕ ಸೀರಿ ತಗೋ."

ನನ್ನ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಓದಿ, ಕೆಮ್ಮಿ, ಹೇಳಿದರು: "ಮೆಷಿನ್ ಡಬ್ಬಿಗಿ ರೊಕ್ಕ ಹಾಕಬ್ಯಾಡ್ರಿ ಟೀಚರಮ್ಮ. ಸೂಜಿಗಿ ಹಾಕ್ರಿ. ಡಬ್ಬಿ ಹಳೇದಿದ್ರ ನಡೀತದ. ಸೂಜಿ ಕೆಟ್ಟದ್ದಿತ್ತಂದ್ರ ಒಂದೊಂದ್ ಸಲ ಹಾಡಿಸಿದಾಗೂ ಪ್ಲೇಟ್ ಒಂದೀಟ ಸಾಯ್ತದ."

ಹೀಗೆ ಪಾಠ ಶುರುವಾಯಿತು. ಪ್ಲೇಟನ್ನು ದೀಪದ ಬೆಳಕಿನಲ್ಲಿ ನೋಡಬಾರದು, ಬಾಗಿಲಿಗೆ ತಂದು ಹಗಲಿನಲ್ಲಿ ಓರೆಯಾಗಿ ಹಿಡಿದು ನೋಡಬೇಕು, ಆಗ ಗೀರು ಕಾಣುತ್ತವೆ. ಅಂಟವಾಳದ ನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸಬೇಕು. ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನಿಲ್ಲಿಸಬೇಕು. ಕೊಳ್ಳುವ ಮೊದಲು ಹಾಡಿಗಿಂತ ಮುಂಚಿನ ಖಾಲಿ ಜಾಗ ಕೇಳಬೇಕು. "ಹಾಡ ಎಲ್ಲಾರಿಗೂ ಸುಳ್ಳ ಹೇಳ್ತದ. ಖಾಲಿ ಜಾಗಾ ಹೇಳಂಗಿಲ್ಲ."

ಅವರು ಕೇಳುವ ಬಗೆಯನ್ನು ಮೊದಲ ಸಲ ನೋಡಿದಾಗ ನನ್ನ ಮೈ ಜುಮ್ಮೆಂದಿತ್ತು. ಬೆಂಕಿಪೊಟ್ಟಣದಿಂದ ಒಂದು ಉದ್ದನೆಯ ಜಾಲಿಮುಳ್ಳು ತೆಗೆದು ಮುಂದಿನ ಹಲ್ಲುಗಳಲ್ಲಿ ಕಚ್ಚಿ, ತಿರುಗುವ ಅರಗಿನ ತಟ್ಟೆಯ ಮೇಲೆ ಬಾಗಿ, ಮುಳ್ಳಿನ ತುದಿಯನ್ನು ಗೆರೆಗೆ ತಾಗಿಸುತ್ತಿದ್ದರು. ಬಾವಿಗೆ ಬಗ್ಗಿ ನೀರು ಕುಡಿಯುವವರ ಹಾಗೆ. ಸದ್ದು ಮುಳ್ಳಿನಿಂದ ಹಲ್ಲಿಗೆ, ಹಲ್ಲಿನಿಂದ ತಲೆಬುರುಡೆಗೆ. ಹೊರಗೆ ನಿಂತ ನನಗೆ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಕೇಳುತ್ತಿತ್ತು, ಅವರ ತಲೆಯೊಳಗೆ ಯಾರೋ ಹಾಡುತ್ತಿದ್ದರು. ಆ ಮುಳ್ಳುಗಳನ್ನು ಅಷ್ಟೂರಿನ ಸುಲ್ತಾನರ ಗೋರಿ-ಗುಂಬಜಗಳ ದಾರಿಯಿಂದಲೇ ತರುತ್ತಿದ್ದರು. ಯಾಕೆಂದು ಕೇಳಿದರೆ, "ಅಲ್ಲಿ ಗಾಳಿ ಒಣಾ ಅದ, ಮುಳ್ಳ ಗಟ್ಟಿ" ಅಷ್ಟೇ.

ವಿನೈಲಿಗೆ ಮುಳ್ಳು ಮುಟ್ಟಿಸುವ ಹಾಗಿಲ್ಲ, ಮೆತ್ತಗಿನದು, ಗೀರು ಬೀಳುತ್ತದೆ. ಅದಕ್ಕೆ ನಮ್ಮ ನಡುವೆ ಒಂದು ಏರ್ಪಾಟಾಯಿತು. ಶನಿವಾರ ಅರ್ಧ ದಿನದ ಸಾಲಿ ಮುಗಿಸಿ ನಾನು ಬಂದು ಅವರ ಎಲ್‌ಪಿಗಳನ್ನು ಕೇಳಿ, ಎಲ್ಲಿ ಚಟಪಟ, ಎಲ್ಲಿ ಸ್ವಚ್ಛ ಎಂದು ಬರೆದುಕೊಡಬೇಕು. ಅದರ ಬದಲಿಗೆ ನನಗೆ ಅಗ್ಗ. "ನಿಮ್ಮ ಕಿವಿ ಕೊಡ್ರಿ, ನನ್ನ ಪ್ಲೇಟ್ ಒಯ್ರಿ." ನನ್ನ ಮೊದಲ ಹನ್ನೊಂದು ರಿಕಾರ್ಡು ಹೀಗೆ ಬಂದವು.

ಒಮ್ಮೆ, ಹಾಡು ಶುರುವಾಗುವ ಮುಂಚಿನ ಖಾಲಿಯಲ್ಲಿ ಅದೇ ಹಾಡಿನ ಮೊದಲ ಸಾಲು, ಬಹಳ ದೂರದಿಂದ, ಗೋಡೆಯಾಚೆಯಿಂದ ಬಂದಂತೆ ಕೇಳಿತು. ಹೆದರಿ ಬರೆದುಕೊಟ್ಟೆ. ಚಾಚಾ ನಕ್ಕರು. ಪಕ್ಕದ ಗೆರೆ ಒತ್ತಿ ಈ ಗೆರೆಯಲ್ಲಿ ಮೂಡುತ್ತದೆಯಂತೆ. "ಹಾಡ ಬರೂಕಿಂತ ಮೊದಲ ಅದರ ನೆರಳ ಬರ್ತದ, ಬೇಟಿ. ಮನಷ್ಯಾರದೂ ಹಂಗ. ನಮಗ ತಿಳಿಯಂಗಿಲ್ಲ."

ಅಂಗಡಿಯ ಹಿಂದಿನ ಕಪಾಟಿನಲ್ಲಿ ಕೆಲವು ಪ್ಲೇಟು ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದವು. ಅವನ್ನು ಮುಟ್ಟುವಂತಿರಲಿಲ್ಲ. ಸಾವಾದ ಮನೆಯಿಂದ ಬಂದವು. ಅಗ್ಗಕ್ಕೆ ಸಿಗುವುದೇ ಅಂಥ ಮನೆಗಳಲ್ಲಿ. ಆದರೆ ತಂದ ಮೇಲೆ ನಲವತ್ತು ದಿನ ಚಾಚಾ ಅವನ್ನು ಹಾಡಿಸುತ್ತಿರಲಿಲ್ಲ, ಯಾವ ಜಾತಿಯ ಮನೆಯದಾದರೂ ಸರಿ. "ಅತ್ತದ್ದು ಇನ್ನಾ ಹಸೀ ಇರ್ತದ್ರಿ. ಆರಲಿ."

ಅವರ ಸ್ವಂತದ ಕಥೆ ಹೇಳಿದ್ದು ಒಂದು ಮಳೆಯ ಶನಿವಾರ, ಗಿರಾಕಿ ಇಲ್ಲದ ಹೊತ್ತಿನಲ್ಲಿ. ಅವರ ಬೇಗಂ ಮದುವೆಮನೆಗಳಲ್ಲಿ ಢೋಲಕ್ ಹಾಡು ಹೇಳುತ್ತಿದ್ದರಂತೆ. ಹೈದರಾಬಾದಿನಲ್ಲಿ ಯಾವುದೋ ಕಂಪನಿಯವರು ಐದು ಜನ ಹೆಂಗಸರನ್ನು ಕೂಡಿಸಿ ಒಂದು ಪ್ಲೇಟು ಮಾಡಿದರು. ಐವರ ದನಿ ಕಲೆತು ಯಾರದು ಯಾವುದೆಂದು ತಿಳಿಯದು. ಆದರೆ ಹಾಡು ಶುರುವಾಗುವ ಮುಂಚೆ ಒಂದು ಕೆಮ್ಮು ಉಳಿದುಬಿಟ್ಟಿತ್ತು. ಅದು ಬೇಗಂ ಅವರದು.

"ಎಲ್ಲಾರೂ ನಕ್ಕೇವ್ರಿ ಆವತ್ತ. ನಿನ್ನ ಕೆಮ್ಮ ಭೀ ಮಶೂರ್ ಆತು, ಊರೆಲ್ಲಾ ಕೇಳ್ತಾರ ಅಂತ ನಾನೇ ಚಾಷ್ಟಿ ಮಾಡಿದ್ನಿ. ಅದು ಸಾದಾ ಕೆಮ್ಮ ಇರಲಿಲ್ಲ... ಮುಂದಿನ ರಂಜಾನಿಗಿ ಆಕಿ ಇಲ್ಲ."

ಆ ಕೆಮ್ಮನ್ನು ಮತ್ತೆ ಕೇಳಬಾರದೆಂದು ಚಾಚಾ ಆ ಪ್ಲೇಟನ್ನು ಒಂದು ರಾಶಿಯಲ್ಲಿ ಸೇರಿಸಿ ಯಾರಿಗೋ ಕೊಟ್ಟುಬಿಟ್ಟರು. ಯಾರಿಗೆಂದು ಕೂಡ ನೆನಪಿಟ್ಟುಕೊಳ್ಳಲಿಲ್ಲ. ವರ್ಷಗಳ ಮೇಲೆ ಅದೇ ಬೇಕೆನಿಸಿತು. ಬೇಗಂ ಅವರ ಒಂದು ಫೋಟೋ ಕೂಡ ಇರಲಿಲ್ಲ. ಅಂಗಡಿ ಇಟ್ಟದ್ದೇ ಆ ಪ್ಲೇಟು ಎಂದಾದರೂ ತಿರುಗಿ ಬರಲಿ ಎಂದು.

"ಕಿವಿ ಮೊದಲ ಹೋದ್ವು. ಈಗ ಹಲ್ಲ ಹೊಂಟಾವ." ತುಟಿ ಸರಿಸಿ ತೋರಿಸಿದರು. ಮೇಲೊಂದು, ಕೆಳಗೊಂದು, ಎರಡೇ ಎದುರುಬದುರು ಉಳಿದಿದ್ದವು, ಅವೂ ಅಲುಗುತ್ತಿದ್ದವು. "ಇವೆರಡು ಇರೂದ್ರಾಗ ಸಿಗಬೇಕ್ರಿ ಟೀಚರಮ್ಮ."

ಗುರುತು ಕೇಳಿದೆ. ಪ್ಲೇಟು ಮನೆಗೆ ಬಂದ ದಿನ ಬೇಗಂ ಕೈಗೆ ಹಸಿ ಮೆಹಂದಿ ಹಚ್ಚಿಕೊಂಡಿದ್ದರು. ನಡುವಿನ ಕಾಗದದ ಮೇಲೆ ಹೆಬ್ಬೆರಳು ಮೂಡಿತ್ತು.

ಆಮೇಲೆ ನಾನು ಎಲ್ಲಿ ಹೋದರೂ ಆ ಹೆಬ್ಬೆರಳನ್ನು ಹುಡುಕಿದೆ. ಭಾಲ್ಕಿಯ ಬಜಾರಿನ ಹಳೇ ಮನೆಗಳು, ಖಟಕ ಚಿಂಚೋಳಿಯ ಒಂದು ಅಟ್ಟ... ಎಲ್ಲೂ ಇಲ್ಲ. ಸಿಕ್ಕಿದ್ದು ಬೇಸಿಗೆ ರಜೆಯಲ್ಲಿ, ಹೊಲಿಗೆ ಟೀಚರ ಸಂಬಂಧಿಕರ ಹಳೇ ವಾಡೆ ಮನೆಯಲ್ಲಿ, ಔರಾದಿನಲ್ಲಿ. ಮನೆಯ ಹಿರಿಯರು ತೀರಿಕೊಂಡು ಎರಡು ತಿಂಗಳಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ ಪ್ಲೇಟುಗಳು ಉಪ್ಪಿನಕಾಯಿ ಭರಣಿಗೆ ಮುಚ್ಚಳವಾಗಿದ್ದವು.

"ಒಯ್ರಿ ಬಾಯಾರ," ಎಂದರು ಮನೆಯ ಮುದುಕಿ. "ನಮ್ಮವ್ರು ಇದ್ದಾಗ ಹಗಲೆಲ್ಲಾ ಒದರ್ತಿದ್ವು. ಈಗ ಸುಮ್ಮ ಉಪ್ಪಿನಕಾಯಿ ಕಾಯ್ತಾವ. ಆದ್ರ ಭರಣಿಗಿ ಬ್ಯಾರೆ ಮುಚ್ಚಳಾ ಕೊಟ್ಟ ಹೋಗ್ರಿ ಮತ್ತ."

ನಾಲ್ಕನೆಯ ಭರಣಿಯ ಮೇಲೆ, ಎಣ್ಣೆಯ ಕಲೆಯ ನಡುವೆ, ಕಂದುಬಣ್ಣದ ಒಂದು ಹೆಬ್ಬೆರಳು. ನನ್ನದನ್ನು ಅದರ ಮೇಲಿಟ್ಟು ನೋಡಿದೆ. ನನ್ನದಕ್ಕಿಂತ ಚಿಕ್ಕದು.

ಆಮೇಲೆ ನಾನು ಮಾಡಿದ್ದನ್ನು ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಔರಾದಿನಿಂದ ಬೀದರಿಗೆ ಬರುವ ಬಸ್ಸು ಕಿಕ್ಕಿರಿದಿತ್ತು. ನಿಲ್ಲಲೂ ಜಾಗವಿರಲಿಲ್ಲ, ಪ್ಲೇಟನ್ನು ಎದೆಗವಚಿಕೊಂಡು ನಿಂತವಳನ್ನು ನೋಡಿ ಡ್ರೈವರ್ ಕರೆದ. "ಟೀಚರ್ ಬಾಯಿ, ಇಲ್ಲಿ ಬಾನೆಟ್ ಮ್ಯಾಲ ಇಡ್ರಿ. ಯಾರೂ ತುಳಿಯಂಗಿಲ್ಲ." ಆಗಿನ ಬಸ್ಸುಗಳಲ್ಲಿ ಇಂಜಿನ್ನು ಡ್ರೈವರನ ಪಕ್ಕದಲ್ಲೇ, ಮೇಲೆ ತಗಡಿನ ಮುಚ್ಚಳ, ಅದರ ಮೇಲೆ ಗೋಣಿಚೀಲ. ಎಲ್ಲರೂ ಜೋಪಾನದ ಸಾಮಾನು ಅಲ್ಲೇ ಇಡುತ್ತಿದ್ದರು. ನಾನೂ ಇಟ್ಟೆ. ಥ್ಯಾಂಕ್ಯೂ ಬೇರೆ ಹೇಳಿದೆ.

ಅರಗಿನ ವಾಸನೆ ನನಗೆ ದಾರಿಯಲ್ಲೇ ಬಂದಿತ್ತು. ಯಾರದೋ ಪಾರ್ಸಲ್ ಇರಬೇಕು ಅಂದುಕೊಂಡೆ.

ಬೀದರಿನಲ್ಲಿ ಇಳಿದು ನೋಡಿದರೆ ಅಂಚು ಒಂದು ಕಡೆ ರೊಟ್ಟಿಯ ಹಾಗೆ ಮೇಲಕ್ಕೆ ಬಾಗಿಕೊಂಡಿತ್ತು. ನಡುವೆಲ್ಲ ಸರಿಯಿತ್ತು, ಹಾಡೂ ಸರಿಯಿತ್ತು. ಆದರೆ ಪ್ಲೇಟು ಹಾಡುವುದು ಹೊರಗಿನಿಂದ ಒಳಕ್ಕೆ. ಕೆಮ್ಮು ಇದ್ದದ್ದು ಆ ಅಂಚಿನಲ್ಲಿ.

ಚಾಚಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊದಲು ಹೆಬ್ಬೆರಳನ್ನು ನೋಡಿದರು, ಆಮೇಲೆ ಅಂಚನ್ನು ಸವರಿದರು. ಮೆಷಿನ್ನಿಗೆ ಹಾಕಿದಾಗ ಸೂಜಿ ಅಂಚಿನಿಂದ ಹಾರಿ ನೇರ ಹಾಡಿಗೆ ಹೋಗಿ ಬಿತ್ತು. ಮೂರು ಸಲ ಹಾಗೇ ಆಯಿತು. ಪ್ಲೇಟು ಕೈಯಿಂದ ತಿರುಗುವ ಹಾಗೆ ಮೆಷಿನ್ನಿನ ಸ್ಪ್ರಿಂಗ್ ಬಿಚ್ಚಿಟ್ಟು, ಬೆಂಕಿಪೊಟ್ಟಣ ತೆರೆದು ಒಂದು ಮುಳ್ಳನ್ನು ನನ್ನ ಕೈಗೆ ಕೊಟ್ಟರು.

"ಮೊದಲ ನೀವ್ ಕೇಳ್ರಿ. ನನಗ ಧೈರ್ಯ ಇಲ್ಲ."

ಮುಳ್ಳು ಕಚ್ಚಿ ಬಾಗಿದೆ. ಅವರು ಬೆರಳಿನಿಂದ ಪ್ಲೇಟನ್ನು ಮೆಲ್ಲಗೆ ತಿರುಗಿಸಿದರು. ಮೊದಲು ಮರಳು ಸುರಿದ ಹಾಗೆ ಸರ್ರ್... ಆಮೇಲೆ, ಅಂಚು ಏರಿ ಇಳಿಯುವ ಕಡೆ, ನನ್ನ ತಲೆಯೊಳಗೇ ಒಬ್ಬ ಹೆಣ್ಣುಮಗಳು ಕೆಮ್ಮಿದಳು. ಎಷ್ಟು ಹತ್ತಿರ ಎಂದರೆ ನಾನು ತಿರುಗಿ ಬೆನ್ನ ಹಿಂದೆ ನೋಡಿದೆ. ಮಧ್ಯಾಹ್ನದ ಗಲ್ಲಿ ಖಾಲಿಯಿತ್ತು. ಬಾಗಿಲಿನ ಪರದೆ ಮಾತ್ರ ಅಲುಗುತ್ತಿತ್ತು.

ಇದೆ ಎಂದು ತಲೆಯಾಡಿಸಿದೆ. ಚಾಚಾ ಮುಳ್ಳು ತೆಗೆದುಕೊಂಡು ಆ ಎರಡು ಹಲ್ಲುಗಳ ನಡುವೆ ಕಚ್ಚಿ ಬಾಗಿದರು. ಬಹಳ ಹೊತ್ತು ತಿರುಗಿಸಿದರು, ಹಿಂದಕ್ಕೆ ತಂದು ಮತ್ತೆ ತಿರುಗಿಸಿದರು. ನಡುವೆ ಅವರಿಗೂ ಕೆಮ್ಮು ಬಂತು. ತಡೆಯಲು ನೋಡಿದರು, ಆಗಲಿಲ್ಲ. ಮುಳ್ಳು ಕಿರ್ರ್ ಎಂದು ಗೆರೆಯಲ್ಲಿ ಎಳೆದ ಸದ್ದು ನನಗೆ ಹೊರಗಿನಿಂದಲೇ ಕೇಳಿತು.

ತಲೆಯೆತ್ತಿದಾಗ ಮುಖ ಬೂದಿಯಾಗಿತ್ತು. "ಇನ್ನಾ ಕೆಮ್ಮತಾಳ್ರಿ," ಎಂದರು. "ಆವತ್ತ ಯಾರೂ ಒಂದ್ ಗ್ಲಾಸ್ ನೀರ ಕೊಡಲಿಲ್ಲ ಆಕಿಗಿ."

ಎದ್ದುಹೋಗಿ ಮಣ್ಣಿನ ಸುರಾಹಿಯಿಂದ ಒಂದು ಗ್ಲಾಸು ನೀರು ತಂದು ಪ್ಲೇಟಿನ ಪಕ್ಕ ಇಟ್ಟರು. ಅವರೂ ಕುಡಿಯಲಿಲ್ಲ, ನನಗೂ ಕುಡಿ ಎನ್ನಲಿಲ್ಲ. ಮುಂದೆ ನಾನು ಹೋದಾಗಲೆಲ್ಲ ಆ ಗ್ಲಾಸು ಅಲ್ಲಿರುತ್ತಿತ್ತು. ಸಂಜೆಗೆ ನೀರು ಸ್ವಲ್ಪ ಕಡಿಮೆಯಾಗಿರುತ್ತಿತ್ತು... ಬೀದರಿನ ಸೆಕೆ, ನೀರು ಆರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಚಳಿಗಾಲದಲ್ಲಿ ಮೇಲಿನ ಹಲ್ಲು ಬಿತ್ತು. ಅದೇ ವಾರ ಪ್ಲೇಟನ್ನು ಹಳೆಯ ಶಾಲಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. "ನನಗ ಇನ್ನ ಕೇಳಂಗಿಲ್ಲ. ನಿಮ್ಮ ಕಡಿ ಇರ್ಲಿ." ನಾನು ರಜೆಗೆ ಭಾಲ್ಕಿಗೆ ಹೋಗಿ ಬರುವಷ್ಟರಲ್ಲಿ ಅಂಗಡಿಗೆ ಬೀಗ ಬಿದ್ದಿತ್ತು. ಚಾಚಾ ತೀರಿಕೊಂಡಿದ್ದರು, ನನಗೆ ಮಣ್ಣಿಗೂ ಹೋಗಲಾಗಲಿಲ್ಲ. ಪ್ಲೇಟನ್ನು ನನ್ನ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ನಲವತ್ತು ದಿನ ನಿಲ್ಲಿಸಿದೆ. ನಲವತ್ತೊಂದನೆಯ ದಿನ ಹಾಡಿಸಬಹುದಿತ್ತು, ಕೈ ಬರಲಿಲ್ಲ. ಆಮೇಲೆ ಮದುವೆ, ಟ್ರಾನ್ಸ್‌ಫರು, ಮಕ್ಕಳು, ರಿಟೈರ್‌ಮೆಂಟು... ಟ್ರಂಕಿನ ತಳದಲ್ಲಿ ಅದು ಹಾಗೇ ಉಳಿಯಿತು.

ಮೊನ್ನೆ ಹುಡುಗಿಗೆ ಇದನ್ನೆಲ್ಲ ಹೇಳಿದೆ, ಒಂದೇ ಒಂದು ಬಿಟ್ಟು. ಮುಳ್ಳು ಕಚ್ಚಿದಾಗ ಚಾಚಾ ಕೆಮ್ಮಿದ್ದನ್ನು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ಅವಳಿಗೆ ಕುತೂಹಲ. ಅಷ್ಟೂರಿಗೆ ಗೆಳತಿಯರ ಜೊತೆ ಹೋದವಳು ಎರಡು ಮುಳ್ಳು ತಂದೇಬಿಟ್ಟಳು. ಬೆಳಗಿನ ಹೊತ್ತು, ಟ್ರಂಕಿನಿಂದ ತೆಗೆದ ಆ ಪ್ಲೇಟನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನಾನು ಬೆರಳಿನಿಂದ ತಿರುಗಿಸಿದೆ. ಅವಳು ಬಾಗಿದಳು. ನಗುತ್ತಿದ್ದ ಮುಖ ತಟ್ಟನೆ ಗಂಭೀರವಾಯಿತು.

"ಅಜ್ಜಿ, ಎರಡ್ ಸಲ ಕೆಮ್ಮತಾರ್ರಿ."

"ಎರಡಲ್ಲವಾ, ಒಂದ."

"ಇಲ್ರಿ. ಮೊದಲ ಒಬ್ಬಾಕಿ ಹೆಣ್ಮಗಳು. ಆಕಿ ಹಿಂದನ ಯಾರೋ ಮುದಕಪ್ಪ."

ನಾನು ಕಿವಿಯ ಮೆಷಿನ್ ತೆಗೆದಿಟ್ಟು ಮುಳ್ಳನ್ನು ಕಚ್ಚಿದೆ. ಅವಳು ತಿರುಗಿಸಿದಳು. ಏನೂ ಇಲ್ಲ. ಮರಳಿನ ಸದ್ದೂ ಇಲ್ಲ. ನನ್ನ ಬಾಯಲ್ಲಿರುವುದು ಪೂರ್ತಿ ಕಟ್ಟಿಸಿದ ಹಲ್ಲು, ಡೆಂಟಿಸ್ಟ್ ಕೊಟ್ಟದ್ದು. ಅದಕ್ಕೆ ಸದ್ದನ್ನು ಬುರುಡೆಗೆ ಒಯ್ಯುವ ಬೇರಿಲ್ಲ. ಚಾಚಾ ಕೊನೆಗೆ ಎಲ್ಲಿ ನಿಂತಿದ್ದರೋ ಅಲ್ಲಿಗೆ ನಾನೂ ಬಂದು ನಿಂತಿದ್ದೇನೆ. ಇನ್ನು ಅವರನ್ನು ಕೇಳಬೇಕೆಂದರೆ ಬೇರೆಯವರ ಹಲ್ಲು ಬೇಡಬೇಕು.

"ಮತ್ತೊಮ್ಮೆ ಕೇಳಿ ಹೇಳವಾ," ಎಂದೆ. "ಇಬ್ಬರೂ ಅದಾರೇನು?"

ಅವಳು ಬಾಗಿ, ಕಣ್ಣು ಮುಚ್ಚಿ, ಹೌದೆಂದು ತಲೆಯಾಡಿಸಿದಳು.

ಫಿಲ್ಟರಿನಿಂದ ಎರಡು ಗ್ಲಾಸು ನೀರು ಹಿಡಿದು ತಂದು ಪ್ಲೇಟಿನ ಪಕ್ಕ ಇಟ್ಟೆ. ಹುಡುಗಿ ತನಗೆಂದುಕೊಂಡು ಒಂದನ್ನು ಎತ್ತಿ ಗಟಗಟ ಕುಡಿದಳು. ನಾನು ಅದನ್ನು ಮತ್ತೆ ತುಂಬಿಸಿ ತಂದು ಅಲ್ಲೇ ಇಟ್ಟೆ.