ನರಹುಲಿ ಮತ್ತು ಲಕ್ಷ್ಮೀ ಮಚ್ಚೆ

ಗೆಳತಿಯರೇ, ನನ್ನ ಹೆಬ್ಬೆರಳಿನ ನರಹುಲಿ ಅಂಟುತ್ತದೆಂದು ಅತ್ತೆ ಕೂಸನ್ನು ನನ್ನ ಕೈಗೇ ಕೊಡುತ್ತಿಲ್ಲ. ಹಾಲೂಡಿಸುವಾಗ ಮಾತ್ರ ಮಡಿಲಿಗೆ ಹಾಕುತ್ತಾರೆ. ಇದು ಮೂಢನಂಬಿಕೆ ಎಂದು ಡಾಕ್ಟರ ಬಾಯಿಂದಲೇ ಹೇಳಿಸೋಣವೆಂದು ಇವತ್ತು ಅವರನ್ನೂ ಕರೆದುಕೊಂಡು ಖಾನಾಪುರದಿಂದ ಬೆಳಗಾವಿಗೆ ಹೋದೆ.

ಡಾಕ್ಟರು ಬೆರಳು ನೋಡಿ, "ಮುಟ್ಟಿದ್ರ ಹರಡತೈತ್ರಿ," ಅಂದರು. "ಆದ್ರ ಹೆದರೂವಂಥಾದ್ದೇನಿಲ್ಲ. ಪಟ್ಟಿ ಸುತ್ತಿ ಕೂಸಿನ್ನ ಎತ್ಕೋರಿ. ಬರಬರತ ತಾನ ಹೋಗತೈತಿ."

ಅತ್ತೆಗೆ ಕೇಳಿಸಿದ್ದು ಮೊದಲ ಮಾತು ಮಾತ್ರ. "ನಾ ಹೇಳಿದ್ದು ಖರೇ ಆತಿಲ್ಲೋ? ಕಾಲೇಜು ಕಲ್ತಾಕಿ ನಂಬಲಿಲ್ಲ ನೀ."

ವಾಪಸು ಬರುವಾಗ ಬಸ್ಸಿನಲ್ಲಿ ಕೂಸು ಅಳತೊಡಗಿತು. ನನ್ನ ಹೆಬ್ಬೆರಳು ಹಿಡಿದರೇ ಅದಕ್ಕೆ ನಿದ್ದೆ. ಪಟ್ಟಿ ಸುತ್ತಿದ ಬೆರಳನ್ನೇ ಚಾಚಿದೆ. ಅತ್ತೆ ಸೆರಗು ಅಡ್ಡ ಹಿಡಿದು, ತಮ್ಮ ಗದ್ದದ ಮೇಲಿನ ಗಂಟನ್ನು ಕೂಸಿನ ಕೆನ್ನೆಗೆ ಒತ್ತಿ ಮುದ್ದಾಡಿದರು.

"ಅತ್ಯಾರ, ಅದೂ ನರಹುಲಿನ ಅಲ್ಲೇನ್ರಿ?"

"ಹುಚ್ಚಿ, ಇದು ಲಕ್ಷ್ಮೀ ಮಚ್ಚಿ. ನಮ್ಮ ಮನಿತನದಾಗ ಎಲ್ಲಾರಿಗೂ ಐತಿ."

ಎಲ್ಲರಿಗೂ ಹೇಗೆ ಬಂತೆಂದು ನಾನು ಕೇಳಲಿಲ್ಲ. ಕೂಸು ಅತ್ತೂ ಅತ್ತೂ ಅವರ ಹೆಗಲ ಮೇಲೆಯೇ ಮಲಗಿತು. ನನ್ನ ಪಾಲಿಗೆ ಉಳಿದದ್ದು ಪಟ್ಟಿ ಸುತ್ತಿದ ಬೆರಳು, ಮತ್ತೆ ಬಿ.ಎಸ್ಸಿ. ಪದವಿ.