ಇಬ್ಬರು ರೊಸ್ಸಿಗಳಿಗೆ ಒಂದೇ ಶಾಲು

ಗೆಳೆಯರೇ, ಮ್ಯೂನಿಕ್‌ನ ನಮ್ಮ ಯುಗಾದಿ ವೇದಿಕೆಯಿಂದ ಈಗಷ್ಟೇ ಇಳಿದೆ. ಕೂತಲ್ಲಿ ಕೂರಲಾಗುತ್ತಿಲ್ಲ.

ಅತಿಥಿಗಳು ಇಬ್ಬರು ಇಟಾಲಿಯನ್ನರು: ಗಾಯಕಿ ರೊಸ್ಸಿ ಮತ್ತು ನಟ ರೊಸ್ಸಿ. ನಿರೂಪಣೆ ನನ್ನದು, ಸನ್ಮಾನದ ಹೊಣೆ ಬಾಗಲಕೋಟೆಯ ಪಾಟೀಲರದು. ನಾನು ಚೀಟಿ ತಿರುಗಿಸುವಷ್ಟರಲ್ಲಿ ಪಾಟೀಲರು ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ಇಬ್ಬರಿಗೂ ಸೇರಿಸಿ ಒಂದೇ ಶಾಲು ಹೊದಿಸಿಬಿಟ್ಟರು. ಮೈಕಿನಲ್ಲಿ ಬೇರೆ, "ರೊಸ್ಸಿ ದಂಪತಿಗೆ ಜೋರ್ ಚಪ್ಪಾಳೆ!"

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ಗಾಯಕಿಯ ಗಂಡ ಮಾತ್ರ ನಿಧಾನಕ್ಕೆ ಎದ್ದು ನಿಂತ. ಗಾಯಕಿ ಶಾಲಿನೊಳಗಿಂದಲೇ ನಟನನ್ನು ತೋರಿಸಿ ಇಂಗ್ಲಿಷಿನಲ್ಲಿ ಕೇಳಿದಳು, "ಇವರು ಯಾರು?"

ಪಾಟೀಲರನ್ನು ಪಕ್ಕಕ್ಕೆಳೆದೆ. "ಸರ್, ಅವರು ಗಂಡ-ಹೆಂಡ್ತಿ ಅಲ್ಲ!"

"ಮತ್ತ ಇಬ್ರದೂ ಒಂದ ಅಡ್ಡಹೆಸರು ಐತಲ್ರೀ?"

ಇದೇ ಪಾಟೀಲರ ಹೆಂಡತಿಯ ಪಾಸ್‌ಪೋರ್ಟಿನಲ್ಲಿರುವುದು ತವರಿನ ಅಡ್ಡಹೆಸರು. ಮೊನ್ನೆ ಇಲ್ಲಿನ ಸರ್ಕಾರಿ ಕಚೇರಿ ಆಮ್ಟ್‌ನ ಕೌಂಟರಿನಲ್ಲಿ ಮದುವೆಯ ಪ್ರಮಾಣಪತ್ರ ಕೇಳಿದರೆಂದು, "ಹೆಸರು ನೋಡಿ ಸಂಸಾರ ಅಳೀತಾರ್ರೀ ಈ ಜರ್ಮನ್ನರು!" ಎಂದು ಒಂದು ತಾಸು ನನ್ನ ತಲೆ ತಿಂದಿದ್ದರು.

ಆ ಕೌಂಟರಿನಲ್ಲಿ ಕೆಲಸ ಖಾಲಿಯಿದ್ದರೆ ಹೇಳಿ. ನಮ್ಮಲ್ಲಿ ತಕ್ಕ ಮನುಷ್ಯರಿದ್ದಾರೆ.