ಕುಂಕುಮ ಇಟ್ಟ ಇಪ್ಪತ್ತನಾಲ್ಕು ಮೊಟ್ಟೆ

ಹೆಬ್ಬಾಳದ ಒಂದು ಪ್ರಯೋಗಾಲಯದಲ್ಲಿ ನಾನು ಎರಡು ವರ್ಷ ಕೋಳಿಮರಿಗಳ ಗುಲ್ಮ ತೂಗಿದೆ, ಅದೂ ಇನ್ನೂ ಮೊಟ್ಟೆಯೊಳಗೇ ಇದ್ದ ಮರಿಗಳದ್ದು. ಗುಲ್ಮ ಅಂದರೆ ಸ್ಪ್ಲೀನ್, ಹೊಟ್ಟೆಯೊಳಗೆ ಸಾಸಿವೆಕಾಳಿನಷ್ಟಿರುವ ಅಂಗ ಅದು. ಏನು ಓದುತ್ತಿದ್ದೀಯ ಎಂದು ಕೇಳಿದ ನೆಂಟರಿಗೆ ನಾನು ವಿವರಿಸಿ ಮುಗಿಸುವ ಹೊತ್ತಿಗೆ ಅವರ ಕಾಫಿ ಆರಿರುತ್ತಿತ್ತು.

ವಿಷಯ ಇಷ್ಟೇ. ಎರಡು ವಾರದ ಮೊಟ್ಟೆಯ ರಕ್ತನಾಳಕ್ಕೆ ಬೆಳೆದ ಹುಂಜದ ರಕ್ತಕಣ ಚುಚ್ಚಿದರೆ, ಒಳಗಿನ ಮರಿಗೆ ಅದನ್ನು ಹೊರಗಟ್ಟಲು ಬರುವುದಿಲ್ಲ. ಹೊರಗಿನವರನ್ನು ಗುರುತಿಸುವ ವಿದ್ಯೆ ಅದಕ್ಕಿನ್ನೂ ಬಂದಿರುವುದಿಲ್ಲ. ಹುಂಜದ ಕಣಗಳಿಗೆ ಬಂದಿರುತ್ತದೆ. ಹಾಗಾಗಿ ಬಾಡಿಗೆಗೆ ಬಂದವನು ಮನೆ ಮಾಲೀಕನಿಗೇ ಹೊಡೆಯಲು ಶುರುಮಾಡುತ್ತಾನೆ, ನಾಲ್ಕೈದು ದಿನದಲ್ಲಿ ಮರಿಯ ಗುಲ್ಮ ಊದಿಕೊಳ್ಳುತ್ತದೆ. ಆರ್.ಟಿ. ನಗರದಲ್ಲಿ ಬಾಡಿಗೆಗಿದ್ದ ನನಗೆ ಇದು ತುಸು ಸಮಾಧಾನ ಕೊಡುವ ವಿಜ್ಞಾನವಾಗಿತ್ತು.

ಕೊನೆಯ ಪ್ರಯೋಗಕ್ಕೆ ಇಪ್ಪತ್ತನಾಲ್ಕು ಮೊಟ್ಟೆ. ಹನ್ನೆರಡಕ್ಕೆ ಹುಂಜದ ರಕ್ತಕಣ, ಹನ್ನೆರಡಕ್ಕೆ ಹೋಲಿಕೆಗೆಂದು ಬರೀ ಉಪ್ಪುನೀರು. ಚುಚ್ಚಿದ ತೂತಿಗೆಲ್ಲ ಒಂದೇ ಥರ ಮೇಣ ಮೆತ್ತಿ, ಯಾವುದಕ್ಕೆ ಏನು ಎಂದು ಸಿಪ್ಪೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ. ತಿಂಗಳ ಕೊನೆಗೆ ಮಹಾಪ್ರಬಂಧ ಒಪ್ಪಿಸದಿದ್ದರೆ ಇನ್ನೊಂದು ವರ್ಷ ಅಲ್ಲೇ ಕೊಳೆಯಬೇಕಿತ್ತು. ಮರುದಿನ ಆಯುಧಪೂಜೆ.

ರಜೆ ಮುಗಿಸಿ ಬಂದು ಇನ್‌ಕ್ಯುಬೇಟರ್ ಬಾಗಿಲು ತೆಗೆದರೆ, ಇಪ್ಪತ್ತನಾಲ್ಕೂ ಮೊಟ್ಟೆಗಳು ಫಳಫಳ ಹೊಳೆಯುತ್ತ, ಅರಿಶಿನ ಕುಂಕುಮ ಇಟ್ಟುಕೊಂಡು ಕೂತಿದ್ದವು. ಪೆನ್ಸಿಲ್ ಗುರುತು ಒಂದೂ ಇರಲಿಲ್ಲ.

ಚಿಕ್ಕಜಾಲದಿಂದ ಬರುವ ನಮ್ಮ ಅಟೆಂಡರ್ ಅಣ್ಣ ಪಕ್ಕದಲ್ಲೇ ಹೆಮ್ಮೆಯಿಂದ ನಿಂತಿದ್ದರು. "ಗೀಚಿದ್ದೆಲ್ಲ ಒದ್ದೆ ಬಟ್ಟೇಲಿ ಉಜ್ಜಿ ಒರೆಸ್ಬುಟ್ಟೆ ಮೇಡಂ. ಗಲೀಜ್ ಮೇಲೆ ಎಂಗೆ ಕುಂಕುಮ ಇಡೋದು?"

ನನಗೆ ಅಳು ಬಂತು. ಬೈಯಲು ಬಾಯಿ ಬರಲಿಲ್ಲ; ರಜಾದಿನವೂ ಬಂದು ಮೊಟ್ಟೆ ತಿರುಗಿಸಿಟ್ಟವರು ಅವರೇ.

ಚುಚ್ಚಿದ ನಾಲ್ಕನೆಯ ದಿನ ಒಡೆದು ತೂಗಿದೆ. ಗುಲ್ಮಗಳನ್ನು ತೂಕದ ಪ್ರಕಾರ ಸಾಲಾಗಿ ಜೋಡಿಸಿ, ದೊಡ್ಡ ಹನ್ನೆರಡನ್ನು ರಕ್ತದ ಪಾಲಿಗೆ, ಚಿಕ್ಕ ಹನ್ನೆರಡನ್ನು ಉಪ್ಪುನೀರಿನ ಪಾಲಿಗೆ ಬರೆದು ಗ್ರಾಫ್ ಎಳೆದೆ. ನೋಡಿ ಗೈಡ್ ಮುಖ ಅರಳಿತು.

"ಇಷ್ಟು ನೀಟಾಗಿ ನಂಗೂ ಬಂದಿಲ್ಲ ಕಣಮ್ಮ. ಯಾವ್ದಕ್ಕೆ ಏನ್ ಚುಚ್ಚಿದ್ದು ಅಂತ ಹೇಗೆ ಗುರುತಿಟ್ಕೊಂಡೆ?"

"ಗುಲ್ಮ ಊದಿದ್ದೆಲ್ಲ ರಕ್ತ ಚುಚ್ಚಿದ್ದು ಸರ್."

"ರಕ್ತ ಚುಚ್ಚಿದ್ರೆ ಊದತ್ತೆ ಅಂತ ಹೇಗೆ ಗೊತ್ತು?"

"ಊದಿದೆಯಲ್ಲ ಸರ್."

ಹೇಳುವಾಗಲೇ ನಾಚಿಕೆಯಾಯಿತು. ಗುರುತು ಅಳಿಸಿಹೋದದ್ದನ್ನು ಒಪ್ಪಿಕೊಂಡೆ. ಯಾರು ಒರೆಸಿದ್ದು ಎಂದು ಕೇಳಿದರು. ಅಣ್ಣನದು ಗುತ್ತಿಗೆ ಕೆಲಸ. ನಾನೇ ಒರೆಸಿದ್ದು ಅಂದೆ.

"ಸುಳ್ಳು ಸಾರ್," ಟೀ ತಂದಿಡುತ್ತಿದ್ದ ಅಣ್ಣ ಅಂದರು. "ಒರೆಸಿದ್ದು ನಾನು. ರೂಮಲ್ಲಿರೋದ್ನ ಒಂದೂ ಬಿಡ್ದಂಗೆ ಪೂಜೆ ಮಾಡು ಅಂತ ನೀವೇ ಅಲ್ವಾ ಯೋಳಿದ್ದು?"

ಸರ್ ತಮ್ಮ ಮೈಕ್ರೋಸ್ಕೋಪಿನ ಮೇಲಿದ್ದ ಕುಂಕುಮ ನೋಡಿದರು. ಆಮೇಲೆ ಇನ್ನೊಂದು ವರ್ಷ ಕೋರುವ ಅರ್ಜಿ ಬರೆದು ತರಲು ಹೇಳಿದರು.

ಮತ್ತೆ ಮಾಡಿದೆ. ಈ ಸಲ ಗುರುತುಗಳನ್ನು ಕಾದವರು ಅಣ್ಣನೇ. ಉಪ್ಪುನೀರಿನ ಎರಡು ಗುಲ್ಮ ಯಾಕೋ ಊದಿಕೊಂಡವು. ರಕ್ತ ಚುಚ್ಚಿದ ಮೂರು ಜಪ್ಪಯ್ಯ ಅಂದರೂ ಊದಲಿಲ್ಲ. ಪ್ರಬಂಧದಲ್ಲಿರುವುದು ಆ ಸೊಟ್ಟ ಗ್ರಾಫೇ. ಚೆಂದದ್ದು ನನ್ನ ಹಳೇ ಫೈಲಿನಲ್ಲಿದೆ. ಅದರಲ್ಲಿ ಎಷ್ಟು ಮೊಟ್ಟೆಗಳ ಮೇಲೆ ನಾನು ಸುಳ್ಳು ಹೊರಿಸಿದ್ದೆನೋ, ಆ ಕುಂಕುಮಕ್ಕೇ ಗೊತ್ತು.